ಬಿಳಿಗೆ ಬೆರೆಸಿದ ಬಿಳಿ

ಜನವರಿ ೬, ಸೋಮವಾರ

ಮಗಳ ರಕ್ತದ ವರದಿ ಬಂತು. ವಿಟಮಿನ್ ಡಿ ಕಡಿಮೆ ಇದೆಯಂತೆ. ಅಯ್ಯೋ ಅನ್ನಿಸಬೇಕಿತ್ತು, ನನಗೆ ಸಮಾಧಾನವಾಯಿತು. ಈ ಇಸುಬು ಯಾಕೆ ಬಂತು ಎಂದು ಕೇಳಿದರೆ ಇಷ್ಟು ದಿನ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಈಗ ಕಾಗದದ ಮೇಲೆ ಒಂದು ಕಾರಣ ಸಿಕ್ಕಿತಲ್ಲ.

ಡಾಕ್ಟರಮ್ಮ ನಿಧಾನವಾಗಿ ಹೇಳಿದರು. “ಡಿ ಕಡಿಮೆ ಇರೋದಕ್ಕೆ ಈ ಡ್ರಾಪ್ಸ್. ಇದರಿಂದ ಕೆಲವು ಮಕ್ಕಳಿಗೆ ತುರಿಕೆ ಸ್ವಲ್ಪ ತಗ್ಗುತ್ತೆ, ಕೆಲವರಿಗೆ ಏನೂ ಆಗಲ್ಲ. ಚರ್ಮಕ್ಕೆ ಮುಖ್ಯ ಈ ಮುಲಾಮು, ಮತ್ತೆ ಈ ಬಿಳಿ ಕ್ರೀಮು.” ಕ್ರೀಮಿನದು ದೊಡ್ಡ ಡಬ್ಬಿ. ಅದಕ್ಕೆ ಬೆರಳು ಹಾಕಬಾರದಂತೆ, ಕೊಳೆ ಸೇರುತ್ತದೆ. ಶುಚಿಯಾದ ಚಮಚದಲ್ಲಿ ತೆಗೆದು ಚಿಕ್ಕ ಡಬ್ಬಿಗೆ ತುಂಬಿಕೊಂಡು ಅದರಿಂದ ಹಚ್ಚಬೇಕಂತೆ. ನಮ್ಮ ಯಜಮಾನರು ತಲೆ ಆಡಿಸುತ್ತಾ ಕೇಳಿಸಿಕೊಂಡರು. ನಾನು ಡ್ರಾಪ್ಸ್ ಬಾಟಲಿಯನ್ನೇ ನೋಡುತ್ತಿದ್ದೆ.

ಮನೆಗೆ ಬಂದು ಮುಲಾಮಿನ ಪೆಟ್ಟಿಗೆಯೊಳಗಿದ್ದ ಚೀಟಿ ಬಿಡಿಸಿದೆ. ನನಗೆ ಓದು ಬರುತ್ತದೆ, ಆದರೆ ಎಡವಿ ಎಡವಿ. ತಮ್ಮನ ಕಾಯಿಲೆ ನೋಡಿಕೊಳ್ಳಲು ಶಾಲೆ ಬಿಡಿಸಿದರು, ಮತ್ತೆ ಸೇರಿಸಿದರು, ಮತ್ತೆ ಬಿಡಿಸಿದರು. ಅಲ್ಲಲ್ಲಿ ಕಿತ್ತುಹೋದ ಪುಸ್ತಕದ ಹಾಗೆ ನನ್ನ ತಲೆ. ಆದರೂ ಒಂದು ಪದ ಕಣ್ಣಿಗೆ ಬಿತ್ತು. ಸ್ಟೆರಾಯ್ಡ್. ಅದರ ಕೆಳಗೆ, ಚರ್ಮ ತೆಳುವಾಗಬಹುದು ಎಂದು.

ನನ್ನಮ್ಮ ಉಬ್ಬಸಕ್ಕೆ ಅಂತ ಯಾರೋ ಕೊಟ್ಟ ಇದೇ ಜಾತಿಯ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದಳು. ಮುಖ ಊದಿ ಊದಿ ಕೊನೆಗೆ ನನ್ನಮ್ಮನೇ ಅಲ್ಲ ಅನ್ನಿಸುತ್ತಿತ್ತು. ಕೈ ಹಿಡಿದರೆ ಚರ್ಮ ಕಿತ್ತು ಬರುತ್ತಿತ್ತು. ಆರು ವರ್ಷದ ಕೂಸಿಗೆ ಅದನ್ನು ಹಚ್ಚಲಾ?

ಟ್ಯೂಬನ್ನು ಇವರ ಕೈಗೆ ಕೊಟ್ಟು, “ಇದನ್ನ ಕಸಕ್ಕೆ ಹಾಕಿ ರೀ, ನನ್ನ ಕಣ್ಣಿಗೆ ಬೀಳಬಾರದು” ಅಂದೆ. “ಆಯ್ತು” ಅಂದರು. ಇವರು ಬಣ್ಣ ಬಳಿಯುವವರು, ಮಾತು ಕಡಿಮೆ. ಎದುರು ಮಾತಾಡಲಿಲ್ಲ ಅನ್ನುವುದೇ ನನಗೆ ದೊಡ್ಡ ಧೈರ್ಯವಾಯಿತು.

ಜನವರಿ ೯, ಗುರುವಾರ

ಬೆಳಿಗ್ಗೆ ಮಗಳನ್ನು, ನನ್ನ ಗುಬ್ಬಿಯನ್ನು, ತಾರಸಿಗೆ ಕರೆದುಕೊಂಡು ಹೋಗಿ ಬಿಸಿಲಿಗೆ ಕೂರಿಸಿದೆ. ಮೊಣಕೈ ಮಡಿಕೆ, ಮೊಣಕಾಲ ಹಿಂದೆ, ಎಲ್ಲ ಕಾಣುವ ಹಾಗೆ. ಬಿಸಿಲಿನಲ್ಲಿ ಡಿ ಇದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಬೆವರು ಬಂದು ತುರಿಕೆ ಜಾಸ್ತಿಯಾಯಿತು. ತುರಿಸುತ್ತಾ ಎಂದು ಕೇಳಿದರೆ ಇಲ್ಲ ಅನ್ನುತ್ತಾಳೆ, ಕಿರುಬೆರಳು ಮಾತ್ರ ಲಂಗದೊಳಗೆ ಆಡುತ್ತಿರುತ್ತದೆ.

ಅತ್ತೆ ಮೆಟ್ಟಿಲ ಹತ್ತಿರ ನಿಂತು ನೋಡಿದರು. “ಮಗೂನ ಹಪ್ಪಳ ಮಾಡಿ ಒಣಗಿಸ್ತಿದೀಯೇನೆ? ಮಗುಚಿ ಹಾಕು, ಆ ಕಡೆನೂ ಬೇಯಲಿ.”

ಡ್ರಾಪ್ಸ್ ಎರಡು ಸಲ ಕೊಟ್ಟರೆ ಬೇಗ ಗುಣ ಆಗಬಹುದಾ ಎಂದು ಔಷಧಿ ಅಂಗಡಿಯವನನ್ನು ಕೇಳಿದೆ. “ಡಿ ಜಾಸ್ತಿ ಆದ್ರೆ ಅದೇ ಒಂದು ಕಾಯಿಲೆ ಅಕ್ಕ. ವಾಂತಿ ಆಗುತ್ತೆ, ಕಿಡ್ನಿಗೂ ಒಳ್ಳೇದಲ್ಲ. ಗೆರೆ ದಾಟಬೇಡಿ” ಎಂದು ಗದರಿದ. ಇನ್ನು ಮೇಲೆ ಡ್ರಾಪರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆ ನೋಡುತ್ತೇನೆ. ನಿನ್ನೆ ಸ್ವಲ್ಪ ದಾಟಿತ್ತೇನೋ ಎಂದು ಈಗ ಚಿಂತೆ.

ಜನವರಿ ೧೮, ಶನಿವಾರ

ಬರೆಯಲು ಕೈ ಹೆದರುತ್ತಿದೆ, ದೃಷ್ಟಿ ಆದೀತು ಅಂತ. ಕೆಂಪು ತಗ್ಗಿದೆ. ನಿಜವಾಗಿ ತಗ್ಗಿದೆ. ಬೆಳಿಗ್ಗೆ ಹಾಸಿಗೆಯ ಮೇಲೆ ರಕ್ತದ ಚುಕ್ಕೆ ಇರಲಿಲ್ಲ. ಇವರನ್ನು ಕರೆದು ತೋರಿಸಿದೆ. “ಹೂಂ, ಚೆನ್ನಾಗಿದೆ” ಅಂದರು.

ಇವರೂ ಬದಲಾಗಿದ್ದಾರೆ. ಚಿಕ್ಕ ಡಬ್ಬಿ ಖಾಲಿಯಾದರೆ ನನಗೆ ಮುಟ್ಟಲು ಬಿಡುವುದಿಲ್ಲ. “ಹೋಟೆಲಿನ ಬಟ್ಟೆ ಒಗೆದು ಬರೋ ನಿನ್ನ ಕೈಯಲ್ಲಿ ಗಂಜಿ, ಸೋಡಾ ಎಲ್ಲ ಇರುತ್ತೆ. ನಾನೇ ತುಂಬಿಸ್ತೀನಿ” ಎಂದು ಹಿಂದಿನ ಕೋಣೆಗೆ ಡಬ್ಬಿ ತೆಗೆದುಕೊಂಡು ಹೋಗುತ್ತಾರೆ. ಹೊಸ ಬ್ಲೇಡೊಂದನ್ನು ಅದಕ್ಕೆಂದೇ ಬಿಸಿನೀರಲ್ಲಿ ತೊಳೆದು ಇಟ್ಟುಕೊಂಡಿದ್ದಾರೆ, ಗೋಡೆಗೆ ಪುಟ್ಟಿ ಬಳಿಯುವಂಥದ್ದು. ತುಂಬಿಸಿ ತಂದಾಗ ಮೇಲ್ಭಾಗ ಕನ್ನಡಿಯ ಹಾಗೆ ನುಣುಪು. ಕೆಲಸದವರ ಕೈ ಅಂದರೆ ಅದು. ಸ್ನಾನದ ಮೇಲೆ ನಾನು ಹಚ್ಚುತ್ತೇನೆ, ಗುಬ್ಬಿ ಅಪ್ಪನನ್ನು ನೋಡಿ ನಗುತ್ತಾಳೆ. ಯಾವ ಜನ್ಮದ ಪುಣ್ಯವೋ ಅನ್ನಿಸಿತು.

ಜನವರಿ ೨೯, ಬುಧವಾರ

ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ನಾನು ಮತ್ತು ರೇಡಿಯೋ ಜೋಡಿ. ಅವಳ ಹೆಸರು ಬೇರೆ, ಬಾಯಿ ನಿಲ್ಲದೆ ಓಡುವುದರಿಂದ ಎಲ್ಲರೂ ಹಾಗೆ ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ. ಇಸ್ತ್ರಿಯ ಉರುಳೆಯಿಂದ ಬಂದ ಚಾದರದ ಎರಡೆರಡು ಮೂಲೆ ಹಿಡಿದು ಎದುರುಬದುರು ನಿಲ್ಲುತ್ತೇವೆ. ಎಳೆದು ಬಿಗಿ ಮಾಡುವಾಗ ದೂರ, ಮೂಲೆ ಕೊಡುವಾಗ ಹತ್ತಿರ. ಹತ್ತಿರ ಬಂದಾಗಷ್ಟೇ ಮಾತು, ಆದ್ದರಿಂದ ಅವಳ ಕಥೆಗಳೆಲ್ಲ ಕಂತು ಕಂತಾಗಿ ಬರುತ್ತವೆ.

ಅವಳ ಎರಡು ವರ್ಷದ ಮಗನಿಗೂ ಇದೇ ಕಾಟ. ಕೆನ್ನೆ, ಕಣಕಾಲು.

“ನಿನ್ನ ಮಗಳಿಗೆ ಏನು ಮಾಡ್ದೆ ಹೇಳೇ ತಾಯಿ. ನಾನು ಮುಲಾಮು ಹಚ್ಚಿ ಹಚ್ಚಿ ಸಾಕಾಗಿದೀನಿ.”

“ಡ್ರಾಪ್ಸು. ವಿಟಮಿನ್ ಡಿ. ಮತ್ತೆ ಬೆಳಗಿನ ಬಿಸಿಲು.”

ದೂರ ಹೋದೆವು, ಎಳೆದೆವು, ಹತ್ತಿರ ಬಂದೆವು.

“ಮುಲಾಮು?”

“ಮುಟ್ಟಲೇ ಇಲ್ಲ. ಸ್ಟೆರಾಯ್ಡು ಅದು. ನಾನಂತೂ ಮೊದಲ ದಿನವೇ ಬಿಸಾಡಿದೆ.”

ಅವಳು ಮೂಲೆ ಹಿಡಿದುಕೊಂಡು ಹಾಗೇ ನಿಂತಳು. ರೇಡಿಯೋ ಸುಮ್ಮನಾಗಿದ್ದು ನಾನು ನೋಡಿದ್ದು ಅದೇ ಮೊದಲು. ಸಂಜೆ ಫೋನ್ ಮಾಡಿ ಮತ್ತೆ ಎಲ್ಲ ಕೇಳಿದಳು, ನಾನು ಮತ್ತೆ ಎಲ್ಲ ಹೇಳಿದೆ. ಇವರು ಪಕ್ಕದಲ್ಲೇ ಕೂತು ಬೂಟಿನ ಬಣ್ಣ ಕೆರೆಯುತ್ತಿದ್ದರು. ಹುಟ್ಟಿದಾಗಿನಿಂದ ಎಲ್ಲರನ್ನೂ ಕೇಳಿಕೊಂಡೇ ಬದುಕಿದವಳು ನಾನು. ನನ್ನನ್ನೂ ಒಬ್ಬರು ಕೇಳಿದರು.

ಫೆಬ್ರವರಿ ೯, ಭಾನುವಾರ

ಗುಬ್ಬಿ ಅರ್ಧ ತೋಳಿನ ಅಂಗಿ ಹಾಕಿಕೊಂಡು ಹೊರಗೆ ಆಡಿದಳು. ಇಷ್ಟೇ. ಬೇರೇನೂ ಬರೆಯುವುದಿಲ್ಲ.

ಫೆಬ್ರವರಿ ೧೮, ಮಂಗಳವಾರ

ಇವರು ಪರವೂರಿಗೆ ಹೋದರು, ಯಾವುದೋ ದೊಡ್ಡ ವಸತಿಗೃಹಕ್ಕೆ ಬಣ್ಣ. ಹತ್ತು ದಿನದ ಕೆಲಸವಂತೆ. ಹೊರಡುವಾಗ ಚಿಕ್ಕ ಡಬ್ಬಿ ತುಂಬಿದೆಯಾ ಎಂದು ಎರಡು ಸಲ ನೋಡಿದರು. “ಇದು ಮುಗಿಯೋದ್ರೊಳಗೆ ಬರ್ತೀನಿ. ಉಳಿಸಿಕೊಂಡು ಹಚ್ಚು” ಅಂದರು. ಮನೆಯಲ್ಲಿ ದೊಡ್ಡ ಡಬ್ಬಿ ತುಂಬ ಕ್ರೀಮು ಇರುವಾಗ ಉಳಿಸುವುದು ಯಾಕೆ, ನಗು ಬಂತು. ನಾನು ಉಳಿಸುವವಳಲ್ಲ. ಮಗು ಹೊಳೆಯುವ ಹಾಗೆ ಹಚ್ಚುತ್ತೇನೆ.

ಫೆಬ್ರವರಿ ೨೪, ಸೋಮವಾರ

ಮತ್ತೆ ಶುರುವಾಯಿತು. ಚಿಕ್ಕ ಡಬ್ಬಿ ಮುಗಿದು ನಾನೇ ತುಂಬಿಸಿಕೊಂಡಿದ್ದೆ, ಚಮಚ ಕುದಿಸಿಯೇ ತೆಗೆದದ್ದು. ಅದಾದ ಮೇಲೆ ಮೊದಲು ಮೊಣಕಾಲ ಹಿಂದೆ ಬೆಚ್ಚಗೆ ಕೆಂಪಗಾಯಿತು, ಇವತ್ತು ಮೊಣಕೈಯಲ್ಲಿ ನೀರು ಒಸರುತ್ತಿದೆ.

ಡ್ರಾಪ್ಸ್ ಕೆಟ್ಟಿರಬಹುದಾ? ಬಾಟಲಿ ಕಿಟಕಿಯ ಹತ್ತಿರ ಇಟ್ಟಿದ್ದೆ, ಬಿಸಿಲು ಬಿದ್ದು ಒಳಗಿನ ಡಿ ಸತ್ತಿತಾ? ಡಿ ಬರುವುದೇ ಬಿಸಿಲಿನಿಂದ ಅನ್ನುತ್ತಾರೆ, ಮತ್ತೆ ಬಿಸಿಲಲ್ಲಿ ಯಾಕೆ ಸಾಯಬೇಕು. ಸೋಪು ಬದಲಾಯಿಸಿದ್ದೆನಾ, ಇಲ್ಲ. ನನ್ನ ಕೈಯ ಗಂಜಿಯಾ? ಇವರು ಹೇಳಿದ್ದು ನಿಜವಾಗಿ, ನಾನು ತುಂಬಿಸಿದ್ದಕ್ಕೇ ಹೀಗಾಯಿತಾ? ದಿಂಬು ಒಗೆದೆ. ಪರದೆ ಒಗೆದೆ. ಅತ್ತೆಯ ಹಳೇ ಶಾಲನ್ನೂ ನೀರಿಗೆ ಹಾಕಿದೆ. “ನನ್ನನ್ನೂ ನೆನೆಹಾಕಿ ಹಿಂಡಿಬಿಡು” ಅಂದರು ಅತ್ತೆ. ಅಂದರು ಅಷ್ಟೆ, ನನ್ನ ಮುಖ ನೋಡಲಿಲ್ಲ.

ಫೆಬ್ರವರಿ ೨೫, ಮಂಗಳವಾರ

ಸ್ನಾನದ ಮೇಲೆ ಕ್ರೀಮು ಹಚ್ಚುತ್ತಿದ್ದೆ. ಗುಬ್ಬಿ ಕಾಲು ಹಿಂದಕ್ಕೆ ಎಳೆದುಕೊಂಡಳು.

“ಇದು ಬೇಡ ಅಮ್ಮ. ಅಪ್ಪ ಬೆರೆಸಿದ್ದು ಹಚ್ಚು.”

“ಏನು ಬೆರೆಸಿದ್ದು?”

ಮಗು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿತು.

ನಾನು ಗದರಲಿಲ್ಲ. ಮೆಲ್ಲಗೆ ಕೇಳಿದೆ, ಮುದ್ದು ಮಾಡಿ ಕೇಳಿದೆ. ಹಿಂದಿನ ಕೋಣೆಯಲ್ಲಿ ಅಪ್ಪ ಟ್ಯೂಬಿನಿಂದ ಹಿಂಡಿ, ಡಬ್ಬಿಯ ಕ್ರೀಮಿಗೆ ಹಾಕಿ, ಬ್ಲೇಡಿನಿಂದ ಗಿರಗಿರ ತಿರುಗಿಸುತ್ತಾರಂತೆ. ಬಿಳಿಗೆ ಬಿಳಿ ಸೇರಿಸಿದರೆ ಯಾರಿಗೂ ಗೊತ್ತಾಗಲ್ಲ ಎಂದು ತೋರಿಸಿದರಂತೆ. ಅಮ್ಮನಿಗೆ ಹೇಳಬಾರದು ಅನ್ನುವುದು ಆಟವಂತೆ.

“ನಾನು ಹೇಳೇ ಇಲ್ಲ ಅಮ್ಮ, ಇಷ್ಟೊಂದು ದಿನ” ಅಂದಳು, ಶಹಬ್ಬಾಸ್ ಅನ್ನಲಿ ಎಂದು ಕಾಯುವವಳ ಹಾಗೆ.

ಫೆಬ್ರವರಿ ೨೬, ಬುಧವಾರ

ಅತ್ತೆಗೂ ಗೊತ್ತಿತ್ತು.

ಕೇಳಿದ್ದಕ್ಕೆ ಮುಚ್ಚಿಡಲೂ ಇಲ್ಲ. “ಗೊತ್ತಿತ್ತು. ಏನೀಗ? ಮಗೂಗೆ ಗುಣ ಆಯ್ತೋ ಇಲ್ವೋ? ನೀನು ಹಗ್ಗ ಕಂಡ್ರೂ ಹಾವು ಅಂತ ಮನೆ ಬಿಟ್ಟು ಓಡೋಳು. ನಿನ್ನ ಕೇಳ್ಕೊಂಡು ಕೂತಿದ್ರೆ ಮಗು ತುರಿಸಿಕೊಂಡು ತುರಿಸಿಕೊಂಡು ಮೂಳೆ ಕಾಣಿಸೋದು.”

“ನಾನು ಅವಳ ತಾಯಿ ಅತ್ತೆ.”

“ಅದಕ್ಕೇ ಕಣಮ್ಮ ಹೇಳ್ಲಿಲ್ಲ” ಅಂದರು. ಆ ಮಾತಿಗೆ ಅರ್ಥವೇನು ಎಂದು ಇನ್ನೂ ಯೋಚಿಸುತ್ತಿದ್ದೇನೆ.

ಡ್ರಾಪ್ಸ್ ಕೆಟ್ಟಿದೆಯಾ ಎಂದು ಕೇಳಲು ಮೊನ್ನೆಯೇ ಕ್ಲಿನಿಕ್ಕಿಗೆ ಫೋನ್ ಮಾಡಬೇಕೆಂದಿದ್ದೆ. ಇವತ್ತು ಮಾಡಿದೆ. ನರ್ಸಮ್ಮ ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದರು, “ಮುಲಾಮು ಮುಗಿದಿದ್ರೆ ಹೇಳಿ, ನಿಮ್ಮ ಯಜಮಾನರು ಬಂದು ತಗೊಂಡು ಹೋಗ್ತಿರ್ತಾರಲ್ಲ.”

ಹೀಗೆ. ನರ್ಸಿಗೂ ಗೊತ್ತು. ಕೂಸಿಗೂ ಗೊತ್ತು. ನಾನು ಡ್ರಾಪರ್ ಕಣ್ಣಿಗೆ ಹಿಡಿದು ಗೆರೆ ನೋಡುವಾಗ, ತಾರಸಿಯಲ್ಲಿ ಸೂರ್ಯನಿಗೆ ಕೈ ಮುಗಿಯುವಾಗ, ಈ ಮನೆಯಲ್ಲಿ ಎಲ್ಲರೂ ಒಳಗೊಳಗೇ ನಕ್ಕಿರಬೇಕು. ಬೇಲಿಯೇ ಎದ್ದು ಹೊಲ ಮೇದರೆ ಯಾರಿಗೆ ದೂರು ಹೇಳುವುದು? ನನ್ನ ಮನೆಯಲ್ಲಿ ನಾನೊಬ್ಬಳೇ ಹೊರಗಿನವಳು.

ಫೆಬ್ರವರಿ ೨೮, ಶುಕ್ರವಾರ

ಇವರು ಬಂದರು. ಕೈಚೀಲ ಕೆಳಗಿಡುವ ಮೊದಲೇ ಚಿಕ್ಕ ಡಬ್ಬಿಯನ್ನು ಮುಂದೆ ಇಟ್ಟೆ. ಅದನ್ನು ನೋಡಿದರು, ನನ್ನನ್ನು ನೋಡಿದರು, ಕೂತರು.

“ಬಿಸಾಡಿ ಅಂದಿದ್ದೆ.”

“ಹೂಂ, ಅಂದಿದ್ದೆ ನೀನು.”

“ಆಯ್ತು ಅಂದ್ರಿ.”

“ಹೇಳಿದ್ರೆ ಹಚ್ಚೋಕೆ ಬಿಡ್ತಿದ್ಯಾ?”

“ಇಲ್ಲ.”

“ಮತ್ತೆ?”

“ಬಿಡ್ತಿರಲಿಲ್ಲ. ಜಗಳ ಆಡ್ಬೇಕಿತ್ತು ನೀವು. ಕೂಗಾಡ್ಬೇಕಿತ್ತು. ಬೇಕಾದ್ರೆ ನನ್ನ ಕೈಯಿಂದ ಕಿತ್ಕೊಂಡು ಎದುರಿಗೇ ಹಚ್ಚಬೇಕಿತ್ತು. ನನ್ನ ಕೈಯಿಂದಲೇ ಹಚ್ಚಿಸಿದ್ರಲ್ಲ, ನನಗೇ ಗೊತ್ತಿಲ್ಲದ ಹಾಗೆ.”

ಇವರು ಉಗುರಿನ ಸಂದಿಯ ಬಣ್ಣ ಕೆರೆಯುತ್ತಾ ಕೂತರು. ನಾನು ಮುಲಾಮು ಬೇಡ ಅಂದದ್ದು ಕೇಳಿ ಡಾಕ್ಟರಮ್ಮ ಇವರಿಗೆ ಹೇಳಿದ್ದರಂತೆ, ಹೆಂಡತಿಯನ್ನು ಕರೆದುಕೊಂಡು ಬನ್ನಿ, ನಾನೇ ಮಾತಾಡುತ್ತೇನೆ ಎಂದು. ಕರೆಯಲು ಧೈರ್ಯ ಬರಲಿಲ್ಲವಂತೆ. ಬೆರೆಸುವುದು ಇವರದೇ ಬುದ್ಧಿ. ಗಾಢ ಬಣ್ಣಕ್ಕೆ ಬಿಳಿ ಬೆರೆಸಿ ತಿಳಿ ಮಾಡುವ ಹಾಗೆ, ಮುಲಾಮು ಕಡಿಮೆ ಆದರೆ ನನಗೆ ಮೋಸ ಮಾಡಿದ್ದೂ ಕಡಿಮೆ ಆದೀತು ಎಂದುಕೊಂಡರೇನೋ.

“ರೇಡಿಯೋ ಫೋನ್ ಮಾಡಿದಾಗ ಪಕ್ಕದಲ್ಲೇ ಕೂತಿದ್ರಿ. ಮುಲಾಮು ಬಿಟ್ಟೆ, ಡ್ರಾಪ್ಸಲ್ಲೇ ವಾಸಿ ಆಯ್ತು ಅಂತ ನಾನು ಬೀಗ್ತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.”

“ನಗ್ತಿದ್ದೆ ನೀನು” ಅಂದರು. “ಎಷ್ಟೋ ಕಾಲ ಆದ್ಮೇಲೆ ನಗ್ತಿದ್ದೆ. ಹೇಗೆ ಹೇಳಲಿ?”

ಇಂಥ ಮಾತಿಗೆ ನಾನು ಕರಗಬೇಕಿತ್ತು. ಮೊದಲಾಗಿದ್ದರೆ ಕರಗುತ್ತಿದ್ದೆ. ಇವತ್ತು ಅನ್ನಿಸಿತು, ನನ್ನ ನಗುವನ್ನೂ ಇವರೇ ಬೆರೆಸಿ ಡಬ್ಬಿಗೆ ತುಂಬಿಸಿ ಕೊಟ್ಟಿದ್ದು.

“ಮಗೂಗೆ ಸುಳ್ಳು ಕಲಿಸಿದ್ರಿ” ಅಂದೆ. ಇವರು ಹಿಂದಿನ ಕೋಣೆಗೆ ಹೋದರು. ಟ್ಯೂಬನ್ನು ತಂದು ಮೇಜಿನ ಮೇಲಿಟ್ಟು, “ಇನ್ನು ನಾನು ಮುಟ್ಟಲ್ಲ. ಹಚ್ತೀಯೋ ಬಿಡ್ತೀಯೋ, ನಿನಗೆ ಬಿಟ್ಟಿದ್ದು” ಎಂದು ಹೊರಗೆ ಹೋದರು. ಇಷ್ಟು ದಿನ ಕದ್ದು ಮಾಡಿದ್ದರ ಭಾರವನ್ನು ಒಂದೇ ಸಲಕ್ಕೆ ನನ್ನ ತಲೆಗೆ ಇಳಿಸಿ.

ಮಾರ್ಚ್ ೧, ಶನಿವಾರ

ರೇಡಿಯೋಗೆ ನಿಜ ಹೇಳಬೇಕೆಂದು ಬೆಳಿಗ್ಗೆ ಬೇಗ ಹೋದೆ. ಅವಳು ಬಂದಿರಲಿಲ್ಲ. ಮಗನನ್ನು ಆಸ್ಪತ್ರೆಗೆ ಸೇರಿಸಿದ್ದಾಳೆ ಎಂದು ಮೇಲ್ವಿಚಾರಕಿ ಹೇಳಿದರು. ಇಸುಬಿನಲ್ಲಿ ಕೀವು ತುಂಬಿ ಜ್ವರವಂತೆ. ಹೊಸ ಹುಡುಗಿಯ ಜೊತೆ ಚಾದರ ಮಡಚಿದೆ. ಹತ್ತಿರ ಬರುವುದು, ದೂರ ಹೋಗುವುದು, ಮಾತಿಲ್ಲ. ಒಂದು ಚಾದರದ ಮೂಲೆಗಳನ್ನು ಮೂರು ಸಲ ತಪ್ಪಿಸಿದೆ.

ಮಾರ್ಚ್ ೨, ಭಾನುವಾರ

ಆಸ್ಪತ್ರೆಗೆ ಹೋದೆ. ಮಕ್ಕಳ ವಾರ್ಡಿನಲ್ಲಿ ಕೊನೆಯ ಮಂಚ. ಮಗುವಿನ ಕೈಗೆ ಸೂಜಿ ಚುಚ್ಚಿ ಹಲಗೆ ಕಟ್ಟಿದ್ದರು, ಕೆನ್ನೆಯ ಮೇಲೆ ಹಳದಿ ಹಕ್ಕಳೆ. ಜ್ವರ ಇಳಿದಿತ್ತು, ಮಗು ನಿದ್ದೆ ಮಾಡುತ್ತಿತ್ತು.

ನಾನು ನಿಂತೇ ಹೇಳಿದೆ. ಗಂಡ ಬೆರೆಸಿದ್ದು, ಡ್ರಾಪ್ಸ್ ಅಲ್ಲ, ಮುಲಾಮೇ, ನನಗೆ ಗೊತ್ತಿರಲಿಲ್ಲ, ನನಗೂ ಮೋಸ ಆಯಿತು, ಎಲ್ಲರೂ ಸೇರಿ ಮೋಸ ಮಾಡಿದರು.

ರೇಡಿಯೋ ಮಗನ ಕಾಲಿನ ಮೇಲಿದ್ದ ಹೊದಿಕೆ ಸರಿಮಾಡಿದಳು. “ನಿನಗೆ ಮೋಸ ಆಯ್ತು” ಅಂದಳು. “ಆದ್ರೆ ನಿನ್ನ ಮಗಳು ಚೆನ್ನಾಗಿದಾಳೆ.”

“ಈಗ ಅವಳಿಗೂ ಕೀವು ಬರೋ ಹಾಗಿದೆ.”

“ಯಾಕೆ? ಟ್ಯೂಬು ಎಲ್ಲಿದೆ?”

“ಮೇಜಿನ ಮೇಲೆ.”

“ಹಚ್ಚಿಲ್ವಾ?”

ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ.

“ಯಾರ ಮೇಲಿನ ಸಿಟ್ಟಿಗೆ ಯಾರ ಚರ್ಮ ಸುಲೀತಿದೀಯೇ?” ಅಂದಳು. ದನಿ ಏರಿಸಲಿಲ್ಲ, ಮಗು ಎದ್ದೀತೆಂದು. “ಹೋಗು. ನನ್ನ ಎದುರಿಗೆ ನಿಂತ್ಕೊಂಡು ಅಳಬೇಡ, ನನಗೆ ಸಮಾಧಾನ ಮಾಡೋ ಶಕ್ತಿ ಇಲ್ಲ.”

ಅವಳು ಎಂದಾದರೂ ನನ್ನ ಜೊತೆ ಮತ್ತೆ ಚಾದರ ಹಿಡಿಯುತ್ತಾಳೋ ಇಲ್ಲವೋ. ನಾನಾಗಿದ್ದರೆ ಹಿಡಿಯುತ್ತಿರಲಿಲ್ಲ.

ಮಾರ್ಚ್ ೩, ಸೋಮವಾರ

ಅರ್ಧ ದಿನ ರಜೆ ಕೇಳಿ ಗುಬ್ಬಿಯನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಹೋದೆ. ಇವರಿಗೆ ಹೇಳಲಿಲ್ಲ. ಡಾಕ್ಟರಮ್ಮನ ಮುಂದೆ ಕೂತು ಮೊದಲು ನನ್ನಮ್ಮನ ಮುಖದ ವಿಷಯ, ಆಮೇಲೆ ಇವರು ಡಬ್ಬಿಗೆ ಬೆರೆಸಿದ ವಿಷಯ ಹೇಳಿದೆ. ಅವರು ಗಡಿಯಾರ ನೋಡದೆ ಕೇಳಿಸಿಕೊಂಡರು.

“ನಿಮ್ಮ ಭಯ ಸುಳ್ಳಲ್ಲ” ಅಂದರು. “ಆ ಮಾತ್ರೆನ ವರ್ಷಗಟ್ಟಲೆ ನುಂಗಿದ್ರೆ ಹಾಗೇ ಆಗೋದು. ಇದು ಮೇಲೆ ಹಚ್ಚೋದು, ಕಡಿಮೆ ಶಕ್ತೀದು. ಕೆಂಪಾದ ಜಾಗಕ್ಕೆ ಮಾತ್ರ, ನಾನು ಹೇಳಿದಷ್ಟು ದಿನ ಮಾತ್ರ, ಆಮೇಲೆ ಬಿಡೋದು. ಡಬ್ಬಿಗೆ ಬೆರೆಸೋದು ತಪ್ಪು. ಎಷ್ಟು ಹೋಗ್ತಿದೆ ಅಂತ ಲೆಕ್ಕ ಸಿಗಲ್ಲ, ಚೆನ್ನಾಗಿರೋ ಚರ್ಮಕ್ಕೂ ಬಳಿದ ಹಾಗಾಗುತ್ತೆ.”

“ಹಾಗಾದ್ರೆ ವಿಟಮಿನ್ ಡಿ ಸುಳ್ಳಾ?”

“ಸುಳ್ಳಲ್ಲ. ರಕ್ತದಲ್ಲಿ ಕಡಿಮೆ ಇತ್ತು, ಮೂಳೆಗೆ ಬೇಕು, ಕೊಡಿ. ಚರ್ಮಕ್ಕೂ ಸ್ವಲ್ಪ ಅನುಕೂಲ ಆದ್ರೆ ಸಂತೋಷ. ಅದೊಂದನ್ನೇ ನಂಬಿ ಕೂರಬೇಡಿ.”

ಗುಬ್ಬಿಯ ಮೊಣಕೈ ನೋಡಿದರು. ಕೀವು ಆಗಿಲ್ಲವಂತೆ, ಆದರೆ ತಡ ಮಾಡಬಾರದಂತೆ. ಎಷ್ಟು ಹಚ್ಚಬೇಕೆಂದು ನನ್ನ ಬೆರಳಿನ ಮೇಲೇ ಹಿಂಡಿ ತೋರಿಸಿದರು. ಅರ್ಥವಾಗದ್ದನ್ನು ಮತ್ತೆ ಕೇಳಿದೆ. ಇನ್ನೊಂದು ಸಲವೂ ಕೇಳಿದೆ. ಬರುವಾಗ ಬಸ್ಸಿನಲ್ಲಿ ಗುಬ್ಬಿ ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಬೇರೆ ಯಾರನ್ನೂ ಕೇಳಬೇಕು ಅನ್ನಿಸಲಿಲ್ಲ, ಸುಸ್ತಾಗಿತ್ತೇನೋ.

ಸಂಜೆ ಸ್ನಾನ ಮಾಡಿಸಿ ಗುಬ್ಬಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿಕೊಂಡೆ. ಟ್ಯೂಬಿನ ಮುಚ್ಚಳ ತೆಗೆದೆ. ಡಾಕ್ಟರಮ್ಮ ತೋರಿಸಿದಷ್ಟನ್ನೇ ಬೆರಳಿನ ಮೇಲೆ ಹಿಂಡಿಕೊಂಡೆ. ಒಂದು ಮೊಣಕಾಲ ಹಿಂದೆ ಹಚ್ಚುತ್ತಿದ್ದೆ, ಬಾಗಿಲ ಹೊರಗೆ ಇವರು ಚಪ್ಪಲಿ ಬಿಡುವ ಸದ್ದಾಯಿತು. ಗುಬ್ಬಿ ಥಟ್ಟನೆ ಲಂಗ ಎಳೆದು ಕಾಲು ಮುಚ್ಚಿಕೊಂಡಳು. ನನ್ನ ಕಿವಿಗೆ ಬಾಯಿ ತಂದು ಪಿಸುಗುಟ್ಟಿದಳು.

“ಅಪ್ಪಂಗೆ ಹೇಳಲ್ಲ ಅಮ್ಮ. ಆಯ್ತಾ?”

ಆಯ್ತು ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನಾನು ಹಚ್ಚಿದ್ದು ಇವರಿಗೆ ಗೊತ್ತಾದರೆ ಮುಖದಲ್ಲಿ ಏನು ಬರುತ್ತದೆ ಎಂದು ಗೊತ್ತು. ಗೆದ್ದ ಹಮ್ಮು ಬರುವುದಿಲ್ಲ. ಸದ್ಯ ಬದುಕಿದೆ ಅನ್ನುವ ನೆಮ್ಮದಿ ಬರುತ್ತದೆ, ಎಲ್ಲ ಸರಿಹೋಯಿತು ಅನ್ನುವ ನೆಮ್ಮದಿ. ಅದನ್ನು ಕೊಡಲು ನನಗೆ ಇಷ್ಟವಿರಲಿಲ್ಲ. ಈಗಲೂ ಇಲ್ಲ.

ಲಂಗವನ್ನು ಮತ್ತೆ ಮೇಲಕ್ಕೆ ಸರಿಸಿದೆ. “ರೀ, ಬನ್ನಿ ಇಲ್ಲಿ” ಎಂದು ಕರೆದೆ.

ಇವರು ಹೊಸ್ತಿಲಲ್ಲಿ ನಿಂತರು. ಗುಬ್ಬಿ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು, ಯಾರಿಗೆ ಯಾವುದನ್ನು ಹೇಳಬಾರದು ಎಂದು ತಿಳಿಯದವಳ ಹಾಗೆ. ನಾನು ಇವರ ಕಡೆ ತಿರುಗಲಿಲ್ಲ. ಇವರಿಗೆ ಕಾಣುವ ಹಾಗೆ ಕಾಲು ಹಿಡಿದುಕೊಂಡು ಹಚ್ಚುವುದನ್ನು ಮುಗಿಸಿದೆ.

ಆಗ ಗುಬ್ಬಿ ಇನ್ನೊಂದು ಕಾಲನ್ನೂ ಮುಂದೆ ಚಾಚಿದಳು. ಇಲ್ಲೂ ತುರಿಸುತ್ತೆ ಅಂದಳು, ಇಬ್ಬರಿಗೂ ಕೇಳುವ ಹಾಗೆ.